ಸ್ಪಷ್ಟನೆ: ಪಾಕ್‌ಪಟ್ಟಣದಲ್ಲಿ ಗುರುನಾನಕರು ಕಂಡದ್ದು ಬಾಬಾ ಫರೀದರನ್ನಲ್ಲ

ಪಾಕಿಸ್ತಾನದ ಪಂಜಾಬಿನ ಪಾಕ್‌ಪಟ್ಟಣದಲ್ಲಿರುವ ಸೂಫಿ ಸಂತ ಬಾಬಾ ಫರೀದರ ದರ್ಗಾ ಹಾಗೂ ಅದರ ಸಮೀಪದ ಟಿಬ್ಬಾ ನಾನಕ್‌ಸರ್ ಗುರುದ್ವಾರದ ದರ್ಶನಕ್ಕೆ ಹೋಗುವವರಿಗಾಗಿ ನಾನು ವಾಟ್ಸ್ಆ್ಯಪ್‌ನಲ್ಲಿ ಬರೆದು ಹಂಚಿದ್ದ ಟಿಪ್ಪಣಿಯಲ್ಲಿ, ಗುರುನಾನಕರು ಅಲ್ಲಿ ಫರೀದರನ್ನೇ ಭೇಟಿಯಾದರೆಂದು ಹೇಳಿದ್ದೆ. ಅದು ತಪ್ಪು. ಫರೀದರು ತೀರಿಕೊಂಡದ್ದು 1266ರ ಸುಮಾರಿಗೆ. ನಾನಕರು ಹುಟ್ಟಿದ್ದು 1469ರಲ್ಲಿ. ಸಿಖ್ಖರ ಜನಮಸಾಖಿಗಳು (ನಾನಕರ ಜೀವನವನ್ನು ಹೇಳುವ ಸಾಂಪ್ರದಾಯಿಕ ಕಥನಗಳು) ಹೇಳುವಂತೆ, ನಾನಕರು ಸಂವಾದ ನಡೆಸಿದ್ದು ಆಗ ಫರೀದರ ಪೀಠದಲ್ಲಿದ್ದ ಶೇಖ್ ಇಬ್ರಾಹಿಮರೊಂದಿಗೆ. ಫರೀದರ ಶ್ಲೋಕಗಳು ಗುರು ಗ್ರಂಥ ಸಾಹಿಬ್‌ನಲ್ಲಿ ಸೇರಿವೆ ಎಂಬ ಮಾತು ಮಾತ್ರ ನಿಜ; ‘ಫರೀದಾ’ ಎಂದು ಕವಿ ತನ್ನನ್ನೇ ಕರೆದುಕೊಳ್ಳುವ, ನನಗೆ ಬಹು ಪ್ರಿಯವಾದ ಆ ಸಾಲುಗಳನ್ನು ಗ್ರಂಥದ 1377ನೆಯ ಪುಟದಿಂದ ಮುಂದಕ್ಕೆ ಕಾಣಬಹುದು. ಹಳೆಯ ಟಿಪ್ಪಣಿಯನ್ನು ದಯವಿಟ್ಟು ಇನ್ನು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅವರಿಗೆ ಈ ತಿದ್ದುಪಡಿಯನ್ನೂ ತಲುಪಿಸಿ.