ಅಮ್ಮನ ಸಹಿ ತಗೊಳ್ಳುವ ಮುಂಚೆ

ಅಪ್ಪ ತೀರಿಕೊಂಡ ಮನೆಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ನೋಡಿದ್ದೇನೆ. ಕಾರ್ಯ ಎಲ್ಲ ಮುಗಿಯುತ್ತಿದ್ದ ಹಾಗೆ ಗಂಡುಮಕ್ಕಳು ಫೈಲು ಹಿಡಿದು ಓಡಾಡಲು ಶುರು ಮಾಡುತ್ತಾರೆ. ಬ್ಯಾಂಕು, ನಾಡಕಚೇರಿ, ವಕೀಲರ ಮನೆ, ಎಲ್ಲ ಕಡೆ ಅವರೇ. ಅಮ್ಮನಿಗೆ ಉಳಿಯುವುದು ಒಂದೇ ಕೆಲಸ. ತೋರಿಸಿದ ಕಡೆ ಸಹಿ ಹಾಕುವುದು. ಆ ದುಃಖದಲ್ಲಿ ಅವರು ಯಾವುದನ್ನೂ ಓದುವುದಿಲ್ಲ, ಯಾರೂ ಓದಿ ಹೇಳುವುದೂ ಇಲ್ಲ.

ಈ ಕಾಗದಪತ್ರದ ಕೆಲಸದಲ್ಲಿ ಮೊದಲು ನೋಡಬೇಕಾದ್ದು ಅಮ್ಮನ ಪಾಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಖಾತೆ ಬದಲಾವಣೆ, ಪಾಲುಪತ್ರ, ಮಾರಾಟ, ಎಲ್ಲ ಆಮೇಲೆ.

ಕಾನೂನಿನಲ್ಲಿ ಇದು ಸ್ಪಷ್ಟವಾಗಿಯೇ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಅವರ ಸ್ವಂತ ದುಡಿಮೆಯ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಅವರ ತಾಯಿಗೆ ಸಮನಾಗಿ ಹೋಗುತ್ತದೆ. ನಮ್ಮ ಮನೆಯಲ್ಲಿ ಅಜ್ಜಿ ಇರಲಿಲ್ಲ. ಅಮ್ಮ, ಇಬ್ಬರು ಅಣ್ಣಂದಿರು, ನಾನು. ಹಾಗಾಗಿ ನಾಲ್ಕು ಸಮ ಪಾಲು. ಅಜ್ಜಿ ಬದುಕಿದ್ದರೆ ಅವರಿಗೂ ಒಂದು ಪಾಲು ಇರುತ್ತಿತ್ತು. ಎಷ್ಟೋ ಮನೆಗಳಲ್ಲಿ ವಂಶವೃಕ್ಷ ಬರೆಸುವಾಗ ಒಳಗಿನ ಕೋಣೆಯಲ್ಲಿ ಮಲಗಿರುವ ಅಜ್ಜಿಯ ಹೆಸರೇ ಬಿಟ್ಟುಹೋಗಿರುತ್ತದೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ನಿಯಮ ಬೇರೆ. ಆದರೆ ಅಲ್ಲೂ ಹೆಂಡತಿಗೆ ಪಾಲು ಇದ್ದೇ ಇದೆ.

ಪಿತ್ರಾರ್ಜಿತ ತೆರಿಗೆ ಕಟ್ಟಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ನಮ್ಮ ದೇಶದಲ್ಲೂ 1953ರಿಂದ ಎಸ್ಟೇಟ್ ಡ್ಯೂಟಿ ಅಂತ ಒಂದು ತೆರಿಗೆ ಇತ್ತು. ದೊಡ್ಡ ಆಸ್ತಿಗಳಿಗೆ ಅದರ ದರ ಶೇಕಡಾ 85ರವರೆಗೂ ಹೋಗಿತ್ತು. 1985ರಲ್ಲಿ ತೆಗೆದುಹಾಕಿದರು. ಇವತ್ತು ಅಪ್ಪನಿಂದ ಬಂದ ಮನೆಗೆ, ಹಣಕ್ಕೆ, ಬಂತು ಅನ್ನುವ ಕಾರಣಕ್ಕೇ ತೆರಿಗೆ ಇಲ್ಲ. ಆಮೇಲೆ ಬರುವ ತೆರಿಗೆಯ ಮಾತು ಬೇರೆ, ಮುಂದೆ ಹೇಳುತ್ತೇನೆ.

ಮರಣ ಪ್ರಮಾಣಪತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 21 ದಿನದೊಳಗೆ ನೋಂದಣಿ ಆಗಬೇಕು. ಹೆಸರಿನ ಸ್ಪೆಲ್ಲಿಂಗ್ ಆಧಾರ್, ಪಾನ್, ಕ್ರಯಪತ್ರಗಳಲ್ಲಿ ಇರುವ ಹಾಗೇ ಇದೆಯಾ ಅಂತ ನೋಡಿಕೊಂಡು ಹತ್ತಾರು ಪ್ರತಿ ತೆಗೆದಿಟ್ಟುಕೊಳ್ಳಿ. ಜೊತೆಗೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ. ಅದರಲ್ಲಿ ಎಲ್ಲರ ಹೆಸರೂ ಇರಲಿ, ಮದುವೆಯಾಗಿ ಹೋದ ಮಗಳದ್ದೂ. ಮುಂದಿನ ಪ್ರತಿಯೊಂದು ಕಚೇರಿಯೂ ಈ ಒಂದು ಹಾಳೆ ನೋಡಿಯೇ ಮಾತಾಡುವುದು. ಇಲ್ಲಿ ಬಿಟ್ಟುಹೋದ ಹೆಸರು ಆಮೇಲೆ ಎಲ್ಲ ಕಡೆ ಬಿಟ್ಟುಹೋಗುತ್ತದೆ.

ಇನ್ನು ನಾಮಿನಿ. ದೊಡ್ಡ ಗೊಂದಲ ಇರುವುದು ಇಲ್ಲೇ. 'ಅಪ್ಪ ನನ್ನನ್ನೇ ನಾಮಿನಿ ಮಾಡಿದ್ದಾರೆ, ಹಾಗಾಗಿ ಹಣ ನನ್ನದು' ಅನ್ನುವ ಮಾತು ಕೇಳಿರುತ್ತೀರಿ. ಅದು ಸರಿಯಲ್ಲ. ನಾಮಿನಿ ಅಂದರೆ ಹಣ ಇಸಿದುಕೊಳ್ಳುವ ಅಧಿಕಾರ ಇರುವವರು, ಅಷ್ಟೇ. ಅದನ್ನು ವಾರಸುದಾರರಿಗೆ ಹಂಚುವ ಜವಾಬ್ದಾರಿ ಅವರ ಮೇಲಿರುತ್ತದೆ. ಸುಪ್ರೀಂ ಕೋರ್ಟ್ ವಿಮೆ ಹಣದ ಬಗ್ಗೆ 1983ರಲ್ಲಿ ಇದನ್ನು ಹೇಳಿತು. ಷೇರುಗಳ ವಿಚಾರದಲ್ಲಿ 2023ರ ಡಿಸೆಂಬರ್‌ನಲ್ಲಿ ಮತ್ತೆ ಹೇಳಿತು. ವಿಮೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂದ ಮೇಲೆ, ಹತ್ತಿರದವರು ನಾಮಿನಿ ಆಗಿದ್ದರೆ ಹಣ ಅವರದೇನಾ ಅಂತ ಸ್ವಲ್ಪ ಗೊಂದಲ ಆಯಿತು ನಿಜ. ಆದರೆ ನಮ್ಮ ಕರ್ನಾಟಕ ಹೈಕೋರ್ಟ್ 2025ರಲ್ಲಿ ಒಂದು ಕೇಸು ತೀರ್ಮಾನಿಸಿತು. ಆ ವ್ಯಕ್ತಿ ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿದ್ದರು. ಆಮೇಲೆ ಮದುವೆಯಾಯಿತು, ಮಗು ಆಯಿತು, ನಾಮಿನಿ ಹೆಸರು ಮಾತ್ರ ಹಾಗೇ ಉಳಿದಿತ್ತು. ತಾಯಿ, ಹೆಂಡತಿ, ಮಗು, ಮೂವರಿಗೂ ಪಾಲು ಇದೆ ಎಂದು ಕೋರ್ಟ್ ಹೇಳಿತು. ಹಳೇ ಫಾರಂನಲ್ಲಿ ಯಾರದೋ ಹೆಸರಿದೆ ಅಂದ ಮಾತ್ರಕ್ಕೆ ಅಮ್ಮನ ಹಕ್ಕು ಹೋಗುವುದಿಲ್ಲ.

ಬ್ಯಾಂಕಿನಲ್ಲಿ ಈಗ ಪರಿಸ್ಥಿತಿ ಮೊದಲಿಗಿಂತ ಎಷ್ಟೋ ವಾಸಿ. 2025ರ ಸೆಪ್ಟೆಂಬರ್‌ನಲ್ಲಿ ಆರ್‌ಬಿಐ ಹೊಸ ನಿರ್ದೇಶನ ಹೊರಡಿಸಿ, 2026ರ ಮಾರ್ಚ್ 31ರೊಳಗೆ ಜಾರಿ ಮಾಡಿ ಎಂದು ಎಲ್ಲ ಬ್ಯಾಂಕುಗಳಿಗೂ ಹೇಳಿತು. ನಾಮಿನಿ ಇದ್ದರೆ, ಅಥವಾ 'ಐದರ್ ಆರ್ ಸರ್ವೈವರ್' (ಒಬ್ಬರು ತೀರಿಕೊಂಡರೆ ಉಳಿದವರು ಹಣ ತೆಗೆಯಬಹುದಾದ) ಜಂಟಿ ಖಾತೆ ಇದ್ದರೆ, ಕೋರ್ಟಿನ ಉತ್ತರಾಧಿಕಾರ ಪತ್ರ ಕೇಳುವಂತಿಲ್ಲ, ಜಾಮೀನುದಾರರನ್ನು ಕರೆತನ್ನಿ ಅನ್ನುವಂತಿಲ್ಲ. ನಾಮಿನಿ ಇಲ್ಲದಿದ್ದರೂ ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷದವರೆಗೆ ಸರಳ ವಿಧಾನದಲ್ಲೇ ಕೊಡಬೇಕು. ಎಲ್ಲ ಕಾಗದ ಕೊಟ್ಟ ಮೇಲೆ 15 ದಿನ ಗಡುವು. ಬ್ಯಾಂಕಿನಿಂದಲೇ ತಡವಾದರೆ ಆರ್‌ಬಿಐ ಗೊತ್ತು ಮಾಡಿದ 'ಬ್ಯಾಂಕ್ ದರ'ದ ಮೇಲೆ ಶೇಕಡಾ 4 ಸೇರಿಸಿ ಬಡ್ಡಿ ಕೊಡಬೇಕು. ಲಾಕರ್ ವಿಷಯದಲ್ಲಿ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ. 'ಹೆಡ್ ಆಫೀಸಿಂದ ಇನ್ನೂ ಬಂದಿಲ್ಲಮ್ಮ, ಮುಂದಿನ ವಾರ ಬನ್ನಿ' ಅಂತ ಯಾರಾದರೂ ಹೇಳಿದರೆ ಈ ನಿಯಮದ ಹೆಸರು ಹೇಳಿ, ಅರ್ಜಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ದನಿ ಎತ್ತಬೇಕಾಗಿಲ್ಲ. ಸ್ವೀಕೃತಿಯ ಮೇಲೆ ದಿನಾಂಕ ಬಿದ್ದರೆ ಸಾಕು.

ಅಪ್ಪನ ಎಟಿಎಂ ಪಿನ್ ಗೊತ್ತಿದೆ ಅಂತ ಹಣ ತೆಗೆಯುತ್ತಾ ಹೋಗಬೇಡಿ. ಖಾತೆದಾರರು ತೀರಿಕೊಂಡ ಮೇಲೆ ಹಾಗೆ ತೆಗೆಯುವಂತಿಲ್ಲ. ನಾಳೆ ಅಣ್ಣತಮ್ಮಂದಿರ ನಡುವೆ ಮಾತು ಬಂದರೆ ಮೊದಲು ಎದುರಿಗೆ ಬರುವುದು ಆ ಸ್ಟೇಟ್‌ಮೆಂಟೇ.

ಪಾಸ್‌ಬುಕ್ ಮಾತ್ರ ಸಾಲು ಸಾಲಾಗಿ ಓದಿ. ಮೇ ಕೊನೆಗೋ ಜೂನ್ ಮೊದಲಿಗೋ 436 ರೂಪಾಯಿ ಕಡಿತ ಆಗಿದೆಯಾ ಹುಡುಕಿ. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. 55 ವರ್ಷದೊಳಗೆ ತೀರಿಕೊಂಡವರಿಗೆ ಅದು ಚಾಲ್ತಿಯಲ್ಲಿದ್ದರೆ ಮನೆಯವರಿಗೆ 2 ಲಕ್ಷ ಬರಬೇಕು. ಕೆಲಸದಲ್ಲಿರುವಾಗಲೇ ತೀರಿಕೊಂಡವರಿಗೆ ಪಿಎಫ್ ಜೊತೆ ಇಡಿಎಲ್ಐ ಅನ್ನುವ ವಿಮೆಯೂ ಇರುತ್ತದೆ, 7 ಲಕ್ಷದವರೆಗೆ. ಪಿಎಫ್ ಹಣ ತಗೊಂಡು ಇದನ್ನು ಕೇಳದೇ ಬಿಟ್ಟ ಕುಟುಂಬಗಳು ನನಗೆ ಗೊತ್ತಿವೆ. ಯಾರೂ ತಾವಾಗೇ ಹೇಳಲಿಲ್ಲ ಅವರಿಗೆ.

ಈಗ ನನ್ನ ಹೊಟ್ಟೆಯಲ್ಲಿರುವ ಮಾತಿಗೆ ಬರುತ್ತೇನೆ. ಹಕ್ಕು ಬಿಡುಗಡೆ ಪತ್ರ. ನಿಮ್ಮ ಕಡೆ ಹಕ್ಕು ಖುಲಾಸೆ ಅನ್ನಬಹುದು.

ನಮ್ಮ ಮನೆಯಲ್ಲೂ ಅದು ತಯಾರಾಗಿ ಬಂದಿತ್ತು. ಪತ್ರ ಬರಹಗಾರರು ಟೈಪ್ ಮಾಡಿಸಿ, ಸಹಿ ಹಾಕುವ ಜಾಗಕ್ಕೆಲ್ಲ ಪೆನ್ಸಿಲ್ಲಲ್ಲಿ ಗುರುತು ಹಾಕಿ ಕಳಿಸಿದ್ದರು. 'ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ, ನನ್ನ ಎಲ್ಲ ಹಕ್ಕು ಬಾಧ್ಯತೆಗಳನ್ನು ಶಾಶ್ವತವಾಗಿ ಬಿಟ್ಟುಕೊಟ್ಟಿರುತ್ತೇನೆ' ಅಂತ ಅಮ್ಮನ ಹೆಸರಿನಲ್ಲಿ ಬರೆದಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಕೇಳಿದ್ದು ಒಂದೇ ಮಾತು, 'ಎಲ್ಲಿ ಹಾಕಬೇಕು?' ನಾನು ಪಕ್ಕದಲ್ಲಿ ಕೂತು ಪೂರ್ತಿ ಓದಿ ಹೇಳಿದೆ. ಚೆಕ್ಕುಬಂದಿ, ಅಳತೆ, ಎಲ್ಲ. ಮುಗಿದ ಮೇಲೆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದ್ರೆ ಇನ್ಮೇಲೆ ಈ ಮನೆ ನಂದಲ್ವಾ?' ಅಂದರು.

ದೊಡ್ಡಣ್ಣನೇ ಕಾಗದ ಮಡಚಿ ಫೈಲೊಳಗೆ ಇಟ್ಟ. ಅಮ್ಮನ ಮನೆ ಕಿತ್ತುಕೊಳ್ಳಬೇಕು ಅಂತ ಅವನ ಮನಸ್ಸಲ್ಲಿ ಖಂಡಿತ ಇರಲಿಲ್ಲ. ಅವನು ಹೇಳಿದ ಕಾರಣವನ್ನು ನೂರಾರು ಮನೆಗಳಲ್ಲಿ ಹೇಳುತ್ತಾರೆ. 'ಅಮ್ಮ ಹೇಗೂ ನಮ್ಮ ಜೊತೆನೇ ಇರ್ತಾರೆ. ಅವರ ಹೆಸರೂ ಸೇರಿಸಿದ್ರೆ ನಾಳೆ ಅವರ ಕಾಲಾನಂತರ ಮತ್ತೆ ಇದೇ ಅಲೆದಾಟ.' ಅಲೆದಾಟ ನಿಜ. ಆದರೆ ಅದಕ್ಕೆ ಪರಿಹಾರ ಅಮ್ಮನ ಹಕ್ಕು ಬಿಡಿಸುವುದಲ್ಲ. ಅಮ್ಮ ತಮ್ಮ ಪಾಲಿಗೆ ಒಂದು ವಿಲ್ ಬರೆದಿಟ್ಟರೆ ಆಯಿತು. ಇಬ್ಬರು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಪ್ರೊಬೇಟ್, ಅಂದರೆ ವಿಲ್‌ಗೆ ಕೋರ್ಟಿನಿಂದ ಮಾನ್ಯತೆ ಪಡೆಯುವುದು, ಅದರ ಗಾಬರಿಯೂ ಬೇಡ. ಮುಂಬೈ, ಚೆನ್ನೈ, ಕೋಲ್ಕತ್ತದಂಥ ಕಡೆ ಅದು ಕಡ್ಡಾಯ ಇತ್ತು, ನಮ್ಮಲ್ಲಿ ಇರಲಿಲ್ಲ. ಆ ಕಡ್ಡಾಯದ ಕಲಮನ್ನೂ ಸಂಸತ್ತು 2025ರ ಡಿಸೆಂಬರ್‌ನಲ್ಲಿ ತೆಗೆದುಹಾಕಿದೆ.

ವಿಲ್ ಅನ್ನು ಅಮ್ಮ ಬದುಕಿರುವ ತನಕ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ನೋಂದಣಿಯಾದ ಬಿಡುಗಡೆ ಪತ್ರವನ್ನು ಹಾಗೆ ವಾಪಸ್ ತಗೊಳ್ಳಲು ಬರುವುದಿಲ್ಲ. ಕೋರ್ಟಿಗೆ ಹೋಗಬೇಕು, ಮೋಸವೋ ಒತ್ತಾಯವೋ ಆಗಿದೆ ಎಂದು ಸಾಬೀತು ಮಾಡಬೇಕು. ಎಪ್ಪತ್ತು ದಾಟಿದ ತಾಯಿ ಹೆತ್ತ ಮಕ್ಕಳ ಮೇಲೆ ಅದನ್ನು ಮಾಡುತ್ತಾರಾ?

2007ರ ಹಿರಿಯ ನಾಗರಿಕರ ಕಾಯ್ದೆ ಇದೆಯಲ್ಲ, ಮಕ್ಕಳು ನೋಡಿಕೊಳ್ಳದಿದ್ದರೆ ಆಸ್ತಿ ವಾಪಸ್ ಬರುತ್ತದೆ ಅಂತ ಕೆಲವರು ಧೈರ್ಯ ಹೇಳುತ್ತಾರೆ. ಅದರ 23ನೇ ಕಲಂ ಇರುವುದು ನಿಜ. ಆದರೆ ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದರೆ ಮಾತ್ರ ಅದು ಅನ್ವಯ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿದ್ದು ಒಬ್ಬ ತಾಯಿ ಬರೆದುಕೊಟ್ಟ ಬಿಡುಗಡೆ ಪತ್ರದ ಕೇಸೇ. ಅಂಥ ಷರತ್ತು ಇತ್ತು ಎಂದು ತೋರಿಸಲು ಆಗಲಿಲ್ಲ, ಹಾಗಾಗಿ ಆ ಕಲಂನ ರಕ್ಷಣೆ ಸಿಗಲಿಲ್ಲ. ನಾನು ನೋಡಿದ ಬಿಡುಗಡೆ ಪತ್ರಗಳಲ್ಲಿ ಒಂದರಲ್ಲೂ ಈ ಷರತ್ತು ಇರಲಿಲ್ಲ. 'ಪ್ರೀತಿ ವಿಶ್ವಾಸದಿಂದ' ಅಂತ ಮಾತ್ರ ಇರುತ್ತದೆ. ಎಲ್ಲ ತಿಳಿದೂ ಅಮ್ಮ ಬಿಟ್ಟುಕೊಡುತ್ತೇನೆ ಅಂದರೆ ಅದು ಅವರ ಇಷ್ಟ. ಆಗ ಕಡೇಪಕ್ಷ ಬದುಕಿರುವವರೆಗೂ ಆ ಮನೆಯಲ್ಲಿ ವಾಸ ಮಾಡುವ ಹಕ್ಕು, ಆರೈಕೆ ಖರ್ಚು, ಎರಡನ್ನೂ ಪತ್ರದಲ್ಲೇ ಬರೆಸಿ.

ಹೆಣ್ಣುಮಕ್ಕಳ ವಿಷಯಕ್ಕೂ ಇದೇ ಕಾಗದ ಬರುತ್ತದೆ. 'ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಿದೀವಲ್ಲ, ಸಹಿ ಹಾಕಮ್ಮ' ಅನ್ನುವ ಮಾತು ನಮ್ಮಲ್ಲಿ ಎಷ್ಟು ಸಹಜವಾಗಿದೆ ಅಂದರೆ, ಸಹಿ ಹಾಕದ ಮಗಳೇ ತವರಿಗೆ ಕೆಟ್ಟವಳಾಗುತ್ತಾಳೆ. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತ್ತು. 2005ರಲ್ಲಿ ಉತ್ತರಾಧಿಕಾರ ಕಾಯ್ದೆಗೇ ತಿದ್ದುಪಡಿಯಾಗಿ ಇಡೀ ದೇಶಕ್ಕೆ, ಮದುವೆಯಾದವರಿಗೂ ಬಂತು. ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮದುವೆಯಲ್ಲಿ ಹಾಕಿದ ಒಡವೆ ಈ ಪಾಲಿಗೆ ಬದಲಿ ಅಲ್ಲ.

ಜಮೀನು ಇರುವವರು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಲೇಬೇಕು. ಭೂ ಕಂದಾಯ ಕಾಯ್ದೆ ಪ್ರಕಾರ ಮೂರು ತಿಂಗಳೊಳಗೆ ತಿಳಿಸಬೇಕು. ತಾತನ ಹೆಸರಿನಲ್ಲೇ ಪಹಣಿ ನಿಂತುಬಿಟ್ಟರೆ ಸಾಲ ಸಿಗುವುದಿಲ್ಲ, ಬೆಳೆ ಪರಿಹಾರಕ್ಕೂ ತೊಂದರೆ. ಆದರೆ ಅನುಕೂಲಕ್ಕೆ ಅಂತ ಹಿರಿಯ ಮಗನೊಬ್ಬನ ಹೆಸರಿಗೆ ಮಾಡಿಸಬೇಡಿ. ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಮಾಡಿಸಿ, ಅಮ್ಮನ ಹೆಸರು ಮೊದಲಿರಲಿ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ ಎಂದು ಕೋರ್ಟುಗಳು ಎಷ್ಟೋ ಸಲ ಹೇಳಿವೆ. ಹೆಸರು ಇಲ್ಲದವರ ಹಕ್ಕು ಅದರಿಂದ ಹೋಗುವುದೂ ಇಲ್ಲ. ಆದರೂ ಊರಲ್ಲಿ ನಡೆಯುವುದು ಪಹಣಿಯ ಮಾತೇ, ಅಲ್ವಾ?

ಆದಾಯ ತೆರಿಗೆಯ ಕೆಲಸ ಚಿಕ್ಕದು, ಆದರೆ ಮರೆಯುವಂಥದ್ದಲ್ಲ. ತೀರಿಕೊಂಡ ದಿನದವರೆಗಿನ ಅಪ್ಪನ ಆದಾಯ ಮಿತಿ ದಾಟಿದ್ದರೆ ಅವರ ಹೆಸರಿನಲ್ಲೇ ರಿಟರ್ನ್ ಸಲ್ಲಿಸಬೇಕು. ವಾರಸುದಾರರಲ್ಲಿ ಒಬ್ಬರು ಪೋರ್ಟಲ್‌ನಲ್ಲಿ ಲೀಗಲ್ ಹೇರ್ ಅಂತ ನೋಂದಣಿ ಮಾಡಿಕೊಂಡು ಇದನ್ನು ಮಾಡಬಹುದು. ಅಪ್ಪನ ತೆರಿಗೆ ಬಾಕಿ ಇದ್ದರೆ ಅದನ್ನು ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಕೊಡಬೇಕು, ನಮ್ಮ ಸಂಬಳದಿಂದ ಅಲ್ಲ. ಮುಂದೆ ಮನೆ ಮಾರಿದರೆ ಅಪ್ಪ ಕೊಂಡ ಬೆಲೆಯೇ ನಮ್ಮ ಕೊಂಡ ಬೆಲೆ, ಅವರು ಇಟ್ಟುಕೊಂಡಿದ್ದ ಕಾಲವೂ ಲೆಕ್ಕಕ್ಕೆ ಸೇರುತ್ತದೆ. 2001ರ ಏಪ್ರಿಲ್ 1ಕ್ಕಿಂತ ಮುಂಚೆ ಕೊಂಡಿದ್ದರೆ ಆ ದಿನದ ಮಾರುಕಟ್ಟೆ ಬೆಲೆ ಹಿಡಿಯಬಹುದು. ಹಾಗಾಗಿ ಹಳೇ ಕ್ರಯಪತ್ರ, ಮನೆ ಕಟ್ಟಿಸಿದ ಬಿಲ್ಲು, ಯಾವುದನ್ನೂ ಎಸೆಯಬೇಡಿ.

ಮನೆಯ ಮೇಲೆ ಬಾಡಿಗೆ ಬರುತ್ತಿದ್ದರೆ ಅಮ್ಮನ ಪಾಲು ಅಮ್ಮನ ಆದಾಯ. ಅದು ಅವರ ಖಾತೆಗೇ ಬರಲಿ. ಆ ಖಾತೆಗೆ ಯಾರ ಮೊಬೈಲ್ ನಂಬರ್ ಜೋಡಿಸಿದೆ ಅಂತಲೂ ಒಂದು ಸಲ ನೋಡಿ. ಎಷ್ಟೋ ಕಡೆ ಖಾತೆ ಅಮ್ಮನದು, ಒಟಿಪಿ ಹೋಗುವುದು ಮಗನ ಫೋನಿಗೆ. ಬ್ಯಾಂಕಿಗೆ ಕರೆದುಕೊಂಡು ಹೋಗಿ ಅಮ್ಮನ ನಂಬರನ್ನೇ ಹಾಕಿಸಿ. ಮೆಸೇಜ್ ಓದುವುದು ಹೇಗೆ ಅಂತ ಅವರಿಗೆ ನಿಧಾನವಾಗಿ ಹೇಳಿಕೊಡಿ.