ಸ್ಪಷ್ಟನೆ: ಲೈಬ್ರರಿ ಪಾತ್ ಬಗ್ಗೆ ನಾನು ಹಾಕಿದ ಮೆಸೇಜ್ ತಪ್ಪು

ಮಡಿಕೇರಿ, ಪೊನ್ನಂಪೇಟೆ ಕಡೆಯ ಗ್ರೂಪ್‌ಗಳಲ್ಲಿ ಓಡಾಡುತ್ತಿರುವ ಆ ಮೆಸೇಜ್ ನಾನೇ ಬರೆದದ್ದು. ಹಲವರು ಒಟ್ಟಿಗೆ ಬಳಸುವ ಲಿನಕ್ಸ್ ಸರ್ವರ್‌ನಲ್ಲಿ ಲೈಬ್ರರಿ (ಪ್ರೋಗ್ರಾಂ ಓಡಲು ಬೇಕಾದ ಕೋಡ್ ಫೈಲ್) ಸಿಗುತ್ತಿಲ್ಲ ಎಂದು ಎರರ್ ಬಂದರೆ, ಬ್ಯಾಶ್‌ಆರ್‌ಸಿ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಎಲ್‌ಡಿ_ಲೈಬ್ರರಿ_ಪಾತ್‌ಗೆ (ಲೈಬ್ರರಿ ಹುಡುಕಬೇಕಾದ ಫೋಲ್ಡರ್‌ಗಳ ಪಟ್ಟಿ) ನಿಮ್ಮ ಫೋಲ್ಡರ್ ಕೊಟ್ಟುಬಿಡಿ ಎಂದಿದ್ದೆ. ಹಾಗೆ ಮಾಡಬೇಡಿ.

ಆ ಸಾಲು ಮೊದಲೇ ಇದ್ದ ಪಾತ್‌ಗಳನ್ನು ಅಳಿಸುತ್ತದೆ. ಅದಕ್ಕಿಂತ ಜಾಸ್ತಿ ತೊಂದರೆ ಬೇರೆ ಇದೆ. ನೀವು ಓಡಿಸುವ ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಂಗಳೂ ಸಿಸ್ಟಮ್ ಲೈಬ್ರರಿಗಿಂತ ಮೊದಲು ಆ ಫೋಲ್ಡರ್‌ನಲ್ಲಿ ಹುಡುಕುತ್ತವೆ. ಅದೇ ಹೆಸರಿನ ಬೇರೆ ವರ್ಷನ್ ಅಲ್ಲಿದ್ದರೆ ಸುಮ್ನೆ ನಡೆಯುತ್ತಿದ್ದ ಗಿಟ್, ಪೈಥಾನ್ ಕೂಡ ಕೈಕೊಡಬಹುದು. ಈ ಹುಡುಕುವ ಕ್ರಮ ಎಲ್‌ಡಿ.ಎಸ್‌ಒ (ಲೈಬ್ರರಿ ಹುಡುಕಿ ಲೋಡ್ ಮಾಡುವ ಪ್ರೋಗ್ರಾಂ) ಮ್ಯಾನ್ ಪೇಜ್‌ನಲ್ಲೇ, ಅಂದರೆ ಅದರ ಕೈಪಿಡಿಯಲ್ಲೇ ಇದೆ. ನಾನು ಅದನ್ನು ಓದದೆ ಬರೆದೆ.

ಮಳೆಗೆ ಕರೆಂಟ್ ಹೋಗಿ, ಮತ್ತೆ ಲಾಗಿನ್ ಆದಾಗಲೇ ಎರರ್ ಬಂತು ಎಂದವರಿಗೆ: ಕರೆಂಟಿನ ತಪ್ಪಲ್ಲ. ಬ್ಯಾಶ್‌ಆರ್‌ಸಿ ಓದುವುದೇ ಹೊಸ ಶೆಲ್ (ಕಮಾಂಡ್ ಟೈಪ್ ಮಾಡುವ ಪ್ರೋಗ್ರಾಂ) ತೆರೆದಾಗ, ಅಲ್ವಾ.

ಸಾಲಿನ ಕೊನೆಗೆ ಕೋಲನ್ (ಫೋಲ್ಡರ್‌ಗಳನ್ನು ಬೇರ್ಪಡಿಸುವ ‘:’ ಚಿಹ್ನೆ) ಉಳಿಸುವುದೂ ಬೇಡ. ಅದರ ಮುಂದಿನ ಖಾಲಿ ಜಾಗಕ್ಕೆ ‘ಈಗ ನಿಂತಿರುವ ಫೋಲ್ಡರ್’ ಎಂದರ್ಥ. ಅದು ಬೇರೆಯವರ ಫೋಲ್ಡರ್ ಆಗಿದ್ದರೆ ಅವರಿಟ್ಟ ಲೈಬ್ರರಿಯೇ ಲೋಡ್ ಆಗಬಹುದು.

ಸರಿಯಾದ ದಾರಿ ಇದು. ನಿಮ್ಮ ಪ್ರೋಗ್ರಾಂ ಮೇಲೆ ಎಲ್‌ಡಿಡಿ (ಬೇಕಾದ ಲೈಬ್ರರಿಗಳನ್ನು ತೋರಿಸುವ ಕಮಾಂಡ್) ಓಡಿಸಿ, ಯಾವ ಲೈಬ್ರರಿ ಸಿಗುತ್ತಿಲ್ಲ ನೋಡಿ. ಸರ್ವರ್‌ನಲ್ಲಿ ಮಾಡ್ಯೂಲ್ ವ್ಯವಸ್ಥೆ (ಬೇಕಾದ ಸಾಫ್ಟ್‌ವೇರ್‌ನ ಪಾತ್‌ಗಳನ್ನು ತಾನೇ ಹೊಂದಿಸುವುದು) ಇದ್ದರೆ ‘ಮಾಡ್ಯೂಲ್ ಲೋಡ್’ ಕಮಾಂಡ್ ಸಾಕು. ಇಲ್ಲದಿದ್ದರೆ ಆ ಒಂದು ಕಮಾಂಡ್‌ನ ಮುಂದೆ ಮಾತ್ರ ಪಾತ್ ಕೊಡಿ. ನೀವೇ ಕಂಪೈಲ್ ಮಾಡುವುದಾದರೆ ಆರ್‌ಪಾತ್ (ಪ್ರೋಗ್ರಾಂ ಫೈಲಿನ ಒಳಗೇ ಬರೆದಿಡುವ ಲೈಬ್ರರಿ ಪಾತ್) ಇನ್ನೂ ಒಳ್ಳೆಯದು.

ಹಳೆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಮಾಡಿದ್ದರೆ ಅಲ್ಲೇ ಇದನ್ನೂ ಹಾಕಿ.