ಲಸಿಕೆಯಲ್ಲಿ ಏನಿದೆ ಅಂತ ನಮ್ಮನ್ನು ಕೇಳಿ

ಈ ಗುರುವಾರ ಲಸಿಕೆ ಹಾಕಲು ಅಂಗನವಾಡಿಗೆ ಹೋಗಿದ್ದೆ. ಒಂಬತ್ತು ತಿಂಗಳ ಕೂಸನ್ನು ದಡಾರ-ರುಬೆಲ್ಲಾ ಲಸಿಕೆಗೆ ಎತ್ತಿಕೊಂಡು ಬಂದ ಚಿಕ್ಕ ವಯಸ್ಸಿನ ತಾಯಿ ಲಸಿಕೆ ಕಾರ್ಡನ್ನು ನನ್ನ ಕೈಗೆ ಕೊಡಲೇ ಇಲ್ಲ. "ಸಿಸ್ಟರ್, ಇದ್ರಲ್ಲಿ ಕರುವಿನ ರಕ್ತ ಹಾಕಿರ್ತಾರಂತೆ. ಮುಂದೆ ಮಗೂಗೆ ಮಕ್ಕಳಾಗಲ್ವಂತೆ. ನಮ್ ಭಾವ ಕಳ್ಸವ್ರೆ" ಅಂದು ಫೋನ್ ತೋರಿಸಿದಳು. ಭಾವ ಬೆಂಗಳೂರಲ್ಲಿ ಇಂಜಿನಿಯರ್. ಅವರ ಮಕ್ಕಳಿಗೆ ಎಲ್ಲ ಚುಚ್ಚುಮದ್ದೂ ಆಗಿದೆಯಂತೆ!

ಆ ಹುಡುಗಿ ಮೇಲೆ ನನಗೆ ಸಿಟ್ಟಿಲ್ಲ. ಮಗುವಿನ ಮೈಗೆ ಏನು ಹೋಗುತ್ತೆ ಅಂತ ಕೇಳುವುದು ತಾಯಿಯ ಹಕ್ಕು. ಸಿಟ್ಟಿರುವುದು ತನ್ನ ಮಕ್ಕಳಿಗೆ ಹಾಕಿಸಿ, ಊರಿನ ಮಕ್ಕಳಿಗೆ ಬೇಡ ಅನ್ನುವಂತೆ ಹೆದರಿಸುವವರ ಮೇಲೆ.

ಆ ಕರುವಿನ ಕಥೆ 2021ರ ಜೂನ್‌ನಲ್ಲಿ ಕೋವಿಡ್ ಲಸಿಕೆ ಕೋವ್ಯಾಕ್ಸಿನ್ ಬಗ್ಗೆ ಹರಡಿದ್ದು. ಆ ಲಸಿಕೆಗೆ ಬೇಕಾದ ವೈರಸ್ ಬೆಳೆಸಲು ವೆರೋ ಅನ್ನುವ, ಲ್ಯಾಬಿನಲ್ಲಿ ಬೆಳೆಸುವ ಕೋತಿಯ ಜೀವಕೋಶ ಬೇಕು, ಆ ಕೋಶಗಳನ್ನು ಬೆಳೆಸಲು ಕರುವಿನ ಸೀರಮ್, ಅಂದರೆ ರಕ್ತದಿಂದ ತೆಗೆದ ತಿಳಿ ದ್ರವ, ಬಳಸುತ್ತಾರೆ, ನಿಜ. ಆಮೇಲೆ ಕೋಶಗಳನ್ನು ಮತ್ತೆ ಮತ್ತೆ ತೊಳೆದು, ಅದರಲ್ಲಿ ವೈರಸ್ ಬೆಳೆಸಿ, ಅದನ್ನು ಕೊಂದು, ಶುದ್ಧ ಮಾಡುತ್ತಾರೆ. ಕೊನೆಗೆ ತಯಾರಾದ ಲಸಿಕೆಯಲ್ಲಿ ಸೀರಮ್ ಇರುವುದಿಲ್ಲ ಅಂತ ಕೇಂದ್ರ ಆರೋಗ್ಯ ಸಚಿವಾಲಯ ಆಗಲೇ ಹೇಳಿತ್ತು. ಅದೇ ಮೆಸೇಜು ಈಗ ದಡಾರ-ರುಬೆಲ್ಲಾ ಲಸಿಕೆಗೆ ಅಂಟಿಕೊಂಡಿದೆ. ಈ ಲಸಿಕೆಯಲ್ಲಿ ಇರುವುದು ಬಲ ಕುಂದಿಸಿದ ವೈರಸ್, ಅದು ಕೆಡದಂತೆ ಕಾಯುವ ಸಾರ್ಬಿಟಾಲ್, ಜೆಲಟಿನ್‌ನಂಥ ಪದಾರ್ಥಗಳು. ಬಾಕ್ಸಿನೊಳಗಿನ ಚೀಟಿಯಲ್ಲಿ ಎಲ್ಲ ಬರೆದಿದೆ, ಮುಚ್ಚಿಟ್ಟಿರುವುದು ಏನೂ ಇಲ್ಲ.

"ಹಾಗಾದ್ರೆ ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟಿದ್ದು ಸುಳ್ಳಾ?" ಅಂತ ಕೇಳುತ್ತೀರಿ. ಸುಳ್ಳಲ್ಲ. ಅದನ್ನು ಕಂಡುಹಿಡಿದದ್ದು ವಾಟ್ಸಾಪ್ ಅಲ್ಲ, ಅಡ್ಡಪರಿಣಾಮಗಳನ್ನು ಒಂದೊಂದಾಗಿ ಪರಿಶೀಲಿಸಿದ ವೈದ್ಯರು. 2021ರ ಮೇ ತಿಂಗಳಲ್ಲೇ ಲಸಿಕೆಯ ಅಡ್ಡಪರಿಣಾಮ ನೋಡುವ ನಮ್ಮ ರಾಷ್ಟ್ರೀಯ ಸಮಿತಿ ಅಂಥದ್ದಿರಬಹುದಾದ 26 ಪ್ರಕರಣಗಳನ್ನು ಗುರುತಿಸಿ, 10 ಲಕ್ಷ ಡೋಸ್‌ಗೆ 0.61 ಅಂತ ಲೆಕ್ಕವನ್ನೂ ಕೊಟ್ಟಿತ್ತು. ಹಾಗೆ ಕಣ್ಣಿಟ್ಟು ಹುಡುಕುವವರು ಇದ್ದಾರೆ ಅನ್ನುವುದೇ ನನಗೆ ಧೈರ್ಯ. ಲಸಿಕೆ ಹಾಕಿಸಿದರೆ ಮೈ ಅಯಸ್ಕಾಂತ ಆಗುತ್ತೆ ಅಂತ ಕೈಗೆ ನಾಣ್ಯ ಅಂಟಿಸಿಕೊಂಡು ವಿಡಿಯೋ ಮಾಡಿದವರ ಮಾತನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ನನಗೆ ಯಾಕಿಷ್ಟು ಉರಿಯುತ್ತೆ ಅಂದರೆ, ನಮ್ಮ ದೊಡ್ಡಮ್ಮನ ಮಗಳಿಗೆ ಚಿಕ್ಕಂದಿನಲ್ಲಿ ದಡಾರ ಬಂದು ಎರಡೂ ಕಣ್ಣು ಹೋದವು. ಅಮ್ಮ ಬಂದಿದ್ದಾಳೆ ಅಂತ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಮಲಗಿಸಿದ್ದರು. ಅಕ್ಕ ಈಗಲೂ ಗೋಡೆ ಹಿಡಿದೇ ಬಚ್ಚಲಿಗೆ ಹೋಗೋದು. ಗರ್ಭಿಣಿಗೆ ರುಬೆಲ್ಲಾ ಬಂದರೆ ಹುಟ್ಟುವ ಮಗುವಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ತೊಂದರೆ ಬರಬಹುದು. ಫಾರ್ವರ್ಡ್ ಮಾಡುವ ಭಾವಂದಿರು ಇಂಥ ಒಂದು ಮಗುವನ್ನಾದರೂ ಎತ್ತಿಕೊಂಡಿದ್ದಾರಾ?

ಲಸಿಕೆ ಹಾಕಿದ ಮೇಲೆ ಏನಾಗಬಹುದು ಅಂತ ನಾನೇ ಹೇಳುತ್ತೇನೆ. ಹಾಕಿದ ಜಾಗ ನೋಯಬಹುದು. ಒಂದು ವಾರ ಕಳೆದ ಮೇಲೆ ಕೆಲವು ಮಕ್ಕಳಿಗೆ ಜ್ವರ ಬರುತ್ತೆ, ಸಣ್ಣ ಗುಳ್ಳೆ ಏಳಬಹುದು, ಎರಡು ಮೂರು ದಿನದಲ್ಲಿ ಇಳಿಯುತ್ತೆ. ತುಂಬಾ ಅಪರೂಪಕ್ಕೆ ಜೋರು ಅಲರ್ಜಿ ಆಗುತ್ತೆ. ಅದಕ್ಕೇ ಅರ್ಧ ಗಂಟೆ ಕೂರಿಸಿಕೊಳ್ಳುವುದು, ಅದಕ್ಕೇ ನಮ್ಮ ಕಿಟ್‌ನಲ್ಲಿ ಅಡ್ರಿನಾಲಿನ್ ಇರುವುದು.

ನಿಮ್ಮ ಗ್ರೂಪಿಗೆ ಇಂಥ ಮೆಸೇಜ್ ಬಂದರೆ ಮುಂದೆ ತಳ್ಳಬೇಡಿ, ನನಗೆ ಕಳಿಸಿ. ಸಂಜೆ ಆರರ ಮೇಲೆ ಫೋನ್ ಮಾಡಿ, ಮನೆಯ ಅಜ್ಜಿಗೆ ಕೊಡಿ, ಅವರಿಗೂ ನಾನೇ ಹೇಳುತ್ತೇನೆ.